ಹಡಗಿನಲ್ಲಿದ್ದ ಅಜ್ಜನನ್ನು ಹಳೆಯ ಸಂಬಳದ ಪಟ್ಟಿಯಲ್ಲಿ ಹುಡುಕುವುದು ಹೇಗೆ?

“ನಮ್ಮಜ್ಜ ಬ್ರಿಟಿಷರ ಕಾಲದಲ್ಲಿ ಹಡಗಿನಲ್ಲಿದ್ದರಂತೆ, ಅವರ ಹೆಸರು ಎಲ್ಲಾದರೂ ಸಿಗುತ್ತಾ?” ಕರಾವಳಿಯವರು, ಕರಾವಳಿಯಿಂದ ಮುಂಬೈಗೆ ಹೋಗಿ ನೆಲೆಸಿದ ಮನೆಯವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಇದೊಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಒಂದೇ ಕಡೆ ಹಾಕುತ್ತಿದ್ದೇನೆ.

ಸಿಗಬಹುದು. ಆದರೆ ಅಜ್ಜನ ಹೆಸರು ಟೈಪ್ ಮಾಡಿ ಕುಳಿತರೆ ಸಿಗುವುದಿಲ್ಲ. ಜಾಸ್ತಿ ಜನ ಕೈಚೆಲ್ಲುವುದು ಇಲ್ಲೇ. ಈ ಕಾಗದಗಳನ್ನು ಜೋಡಿಸಿಟ್ಟಿರುವುದು ಮನುಷ್ಯರ ಹೆಸರಿನ ಮೇಲೆ ಅಲ್ಲ, ಹಡಗಿನ ಮೇಲೆ. ಹಾಗಾಗಿ ಮೊದಲು ಹಡಗು ಹುಡುಕಿ, ಅಜ್ಜ ಆಮೇಲೆ.

ಯಾವ ಕಾಗದ ಅಂತ ಮೊದಲು ಹೇಳುತ್ತೇನೆ. 1835ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾನೂನು ಬಂತು. ಕ್ಯಾಪ್ಟನ್ ತನ್ನ ಸಿಬ್ಬಂದಿಯ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬೇಕು, ಯಾರು ಯಾರು ಹಡಗಿನಲ್ಲಿದ್ದರು ಅನ್ನುವ ಪಟ್ಟಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು ಅಂತ. ಯುದ್ಧ ಬಂದರೆ ನೌಕಾಪಡೆಗೆ ಎಳೆದುಕೊಳ್ಳಲು ಎಷ್ಟು ಜನ ಇದ್ದಾರೆ ಅನ್ನುವುದು ಸರ್ಕಾರದ ಲೆಕ್ಕಾಚಾರ, ನಾವಿಕರ ಮೇಲಿನ ಪ್ರೀತಿ ಏನಲ್ಲ. ಈ ಒಪ್ಪಂದಕ್ಕೆ ಹಡಗಿನವರ ಮಾತಿನಲ್ಲಿ ‘ಆರ್ಟಿಕಲ್ಸ್’ ಅನ್ನುತ್ತಾರೆ, ಜೊತೆಗಿರುವ ಪಟ್ಟಿಗೆ ‘ಕ್ರೂ ಲಿಸ್ಟ್’. ಸಂಬಳ, ಹತ್ತಿದ ದಿನ, ಇಳಿದ ದಿನ ಎಲ್ಲ ಇದರಲ್ಲೇ ಇರುತ್ತದೆ.

ಇದು ಯಾರಿಗೆ ಅನ್ವಯಿಸುವುದಿಲ್ಲ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಮಂಜಿ, ಪತ್ತೆಮಾರಿಯಂಥ ಹಾಯಿ ಹಡಗುಗಳಲ್ಲಿ ಹೆಂಚು, ಅಕ್ಕಿ, ತೆಂಗಿನಕಾಯಿ ಸಾಗಿಸಿದವರಿಗೆ ಇಂಥ ಪಟ್ಟಿ ಹುಡುಕಿ ಪ್ರಯೋಜನವಿಲ್ಲ. ಇನ್ನೊಂದು, ನಮ್ಮ ಮನೆಗಳಲ್ಲಿ ಹಡಗು ಅಂದರೆ ಎಲ್ಲವೂ ‘ನೇವಿ’. ಬಂದೂಕು ಹಿಡಿದು ನೌಕಾಪಡೆಯಲ್ಲಿದ್ದರಾ, ಸರಕಿನ ಅಥವಾ ಪ್ರಯಾಣಿಕರ ಹಡಗಿನಲ್ಲಿದ್ದರಾ ಅಂತ ಹಿರಿಯರನ್ನು ಬಿಡಿಸಿ ಕೇಳಿ. ಎರಡರ ದಾಖಲೆಗಳೂ ಪೂರ್ತಿ ಬೇರೆ ಬೇರೆ. ಈ ಬರಹ ಎರಡನೆಯವರಿಗೆ ಮಾತ್ರ.

1. ಮನೆಯ ಪೆಟ್ಟಿಗೆಯಿಂದ ಶುರು ಮಾಡಿ

ಹುಡುಕಬೇಕಾದ ಮೊದಲ ವಸ್ತು ಸಿಡಿಸಿ. ಕಂಟಿನ್ಯುಯಸ್ ಡಿಸ್ಚಾರ್ಜ್ ಸರ್ಟಿಫಿಕೇಟ್ ಅನ್ನುವುದರ ಚಿಕ್ಕ ರೂಪ, ಅಂದರೆ ನಾವಿಕನ ಕೆಲಸದ ಪುಸ್ತಕ. ಹತ್ತಿದ ಪ್ರತಿ ಹಡಗಿಗೂ ಒಂದು ಸಾಲು ಇರುತ್ತದೆ. ಹಳೆಯ ಖಲಾಸಿಗಳು ಇದನ್ನು ‘ನಲ್ಲಿ’ ಅಂತಿದ್ದರು. ಅಜ್ಜಿ “ಅವರ ನಲ್ಲಿ ಎಲ್ಲೋ ಇತ್ತು” ಅಂದರೆ ನೀರಿನ ನಲ್ಲಿ ಅಂತ ತಿಳಿದು ನಕ್ಕು ಸುಮ್ಮನಾಗಬೇಡಿ, ಆ ಪುಸ್ತಕವೇ ಇರಬಹುದು. ಅದು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು, ನೇರ ಎರಡನೇ ಹಂತಕ್ಕೆ ಹೋಗಿ.

ಸಿಗದಿದ್ದರೆ ಫೋಟೋ, ಪೋಸ್ಟ್ ಕಾರ್ಡು, ಮನಿಯಾರ್ಡರ್ ರಸೀದಿ, ಟ್ರಂಕಿನ ಮೇಲಿನ ಬಣ್ಣದ ಅಕ್ಷರ, ಯಾವುದನ್ನೂ ಬಿಡಬೇಡಿ. ಫೋಟೋದಲ್ಲಿ ಹಿಂದುಗಡೆ ದಪ್ಪ ಉಂಗುರದಂಥದ್ದು ನೇತುಹಾಕಿದ್ದರೆ ಅದು ಲೈಫ್‌ಬಾಯ್. ಅದರ ಮೇಲೆ ಹಡಗಿನ ಹೆಸರು, ಬಂದರಿನ ಹೆಸರು ಬರೆದಿರುತ್ತಾರೆ. ಭೂತಗನ್ನಡಿ ಹಿಡಿದು ನೋಡಿ.

ಬಾಯಿಮಾತಿನಲ್ಲಿ ಉಳಿದ ಹಡಗಿನ ಹೆಸರು ಸೊಟ್ಟಗಾಗಿರುತ್ತದೆ, ಆದರೂ ಅದರಿಂದ ಕಂಪನಿ ಊಹಿಸಬಹುದು. ಕಂಪನಿಗಳಿಗೆ ಹೆಸರಿಡುವ ಒಂದು ರೂಢಿ ಇತ್ತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್, ಅಂದರೆ ಬಿಐ ಕಂಪನಿಯ ಹಡಗುಗಳ ಹೆಸರು ಸಾಮಾನ್ಯವಾಗಿ ‘ಆ’ಕಾರದಲ್ಲಿ ಮುಗಿಯುತ್ತಿತ್ತು: ಕರಾಂಜಾ, ಕಂಪಾಲಾ, ದ್ವಾರಕಾ, ದಾರಾ, ತಿಲಾವಾ. ‘ಸಿಟಿ ಆಫ್’ ಅಂತ ಶುರುವಾದರೆ ಎಲ್ಲರ್ಮನ್, ‘ಕ್ಲ್ಯಾನ್’ ಅಂತ ಶುರುವಾದರೆ ಕ್ಲ್ಯಾನ್ ಲೈನ್. ‘ಜಲ’ ಅಂತ ಬಂದರೆ ನಮ್ಮದೇ ಸಿಂಧಿಯಾ ಕಂಪನಿ. 1948ರಲ್ಲಿ ವಿಶಾಖಪಟ್ಟಣದಲ್ಲಿ ನೆಹರೂ ನೀರಿಗಿಳಿಸಿದ ‘ಜಲಉಷಾ’ ಈ ಕಂಪನಿಯದ್ದು. ‘ವಿಶ್ವ’ ಅಂತ ಶುರುವಾದರೆ 1961ರಲ್ಲಿ ಹುಟ್ಟಿದ ಶಿಪ್ಪಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ಇರಬಹುದು. ಅಜ್ಜ “ಸಿಟಿಯಲ್ಲಿ ಇದ್ದೆ” ಅಂತಿದ್ದರು ಅಂದರೆ ಪೇಟೆಯ ಮಾತೇ ಆಗಬೇಕೆಂದಿಲ್ಲ ಅಲ್ವಾ?

2. ಹಡಗಿನ ಹೆಸರಿನಿಂದ ಹಡಗಿನ ನಂಬರಿಗೆ

ಹೆಸರನ್ನು ನೆಚ್ಚಿಕೊಂಡು ಮುಂದೆ ಹೋಗಬೇಡಿ. ಒಂದೇ ಹೆಸರಿನ ಹಡಗು ಎರಡು, ಮೂರು, ಹತ್ತು ಇರಬಹುದು. ಬಿಐ ಕಂಪನಿಯ ಕರಾಂಜಾವನ್ನೇ ನೋಡಿ: ಒಂದು 1942ರಲ್ಲಿ ಯುದ್ಧದಲ್ಲಿ ಹೋಯಿತು, ಅದೇ ಹೆಸರಿನಲ್ಲಿ ಇನ್ನೊಂದು 1948ರಲ್ಲಿ ಬಂತು. ಮೊದಲನೆಯದರ ಹಿಂದೆ ಬಿದ್ದು ನಾನೇ ಎರಡು ವಾರ ಕಳೆದಿದ್ದೇನೆ, ಬೇಕಾಗಿದ್ದದ್ದು ಎರಡನೆಯದು.

ಇದಕ್ಕೆ ಪರಿಹಾರ ‘ಅಫೀಶಿಯಲ್ ನಂಬರ್’. 1855ರಿಂದ ಬ್ರಿಟಿಷ್ ಬಾವುಟದ ಪ್ರತಿ ಹಡಗಿಗೂ ಒಂದು ನಂಬರ್ ಕೊಡುತ್ತಿದ್ದರು. ಹಡಗಿನ ಹೆಸರು ಬದಲಾಗಲಿ, ಮಾಲೀಕ ಬದಲಾಗಲಿ, ನಂಬರ್ ಬದಲಾಗುವುದಿಲ್ಲ. ನಮ್ಮ ಗಾಡಿಯ ಚಾಸಿ ನಂಬರ್ ಇದ್ದ ಹಾಗೆ. 1947ಕ್ಕೆ ಮುಂಚೆ ಮುಂಬೈ, ಕಲ್ಕತ್ತಾಗಳಲ್ಲಿ ನೋಂದಾಯಿಸಿದ ಹಡಗುಗಳಿಗೂ ಇದು ಇರುತ್ತಿತ್ತು.

ನಂಬರ್ ಹುಡುಕಲು ‘ಕ್ರೂ ಲಿಸ್ಟ್ ಇಂಡೆಕ್ಸ್ ಪ್ರಾಜೆಕ್ಟ್’ ಅನ್ನುವ ತಾಣ ಇದೆ, ಚಿಕ್ಕದಾಗಿ ಕ್ಲಿಪ್ ಅನ್ನುತ್ತಾರೆ. ಸ್ವಯಂಸೇವಕರು ಕಟ್ಟಿದ್ದು, ಕಾಸು ಕೇಳುವುದಿಲ್ಲ. ಹಡಗಿನ ಹೆಸರು ಕೊಟ್ಟರೆ ಆ ಹೆಸರಿನ ಹಡಗುಗಳೆಲ್ಲ ನಂಬರ್, ನೋಂದಣಿ ಬಂದರು ಸಮೇತ ಬರುತ್ತವೆ. ಅಜ್ಜನ ಕಾಲಕ್ಕೆ ಸರಿಹೊಂದುವುದನ್ನು ಆರಿಸಿ. ಅನುಮಾನ ಇದ್ದರೆ ‘ಲಾಯ್ಡ್ಸ್ ರಿಜಿಸ್ಟರ್’ ತೆಗೆದು ನೋಡಿ. 1764ರಿಂದ ಬರುತ್ತಿರುವ ಹಡಗುಗಳ ಪಟ್ಟಿ ಅದು, ಕಟ್ಟಿದ ವರ್ಷ, ಮಾಲೀಕ, ಗಾತ್ರ ಎಲ್ಲ ಇರುತ್ತದೆ. ಹಳೆಯ ಸಂಪುಟಗಳ ಸ್ಕ್ಯಾನ್ ಇಂಟರ್‌ನೆಟ್ಟಿನಲ್ಲಿ ಸುಮ್ನೆ ಸಿಗುತ್ತದೆ.

3. ಯಾವ ವರ್ಷದ ಕಾಗದ ಎಲ್ಲಿದೆ

ಇದು ತಲೆ ಕೆಡಿಸುವ ಭಾಗ. ಇಪ್ಪತ್ತನೇ ಶತಮಾನದಲ್ಲಿ ಬ್ರಿಟನ್ನಿನವರಿಗೆ ಈ ಕಾಗದದ ರಾಶಿ ಇಡಲು ಜಾಗ ಸಾಲಲಿಲ್ಲ. ಹತ್ತರಲ್ಲೊಂದು ಪಾಲು ಇಟ್ಟುಕೊಂಡು ಉಳಿದದ್ದನ್ನು ಹಂಚಿಬಿಟ್ಟರು. ಯಾರೂ ಒಯ್ಯದೆ ಉಳಿದದ್ದು ನಾಶವಾಗುವುದರಲ್ಲಿತ್ತು, ಕೆನಡಾದ ಒಂದು ವಿಶ್ವವಿದ್ಯಾಲಯ ಹೊತ್ತುಕೊಂಡು ಹೋಯಿತು. ಹಾಗಾಗಿ ಈಗಿನ ಸ್ಥಿತಿ ಹೀಗಿದೆ.

1860ರ ತನಕದ್ದು ಲಂಡನ್ನಿನ ಕ್ಯೂ ಅನ್ನುವಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ, ಬಿಟಿ 98 ಅನ್ನುವ ಸರಣಿ. ಬಿಟಿ ಅಂದರೆ ಬೋರ್ಡ್ ಆಫ್ ಟ್ರೇಡ್, ಅಲ್ಲಿನ ವ್ಯಾಪಾರ ಇಲಾಖೆ.

1861ರಿಂದ 1938ರ ತನಕ ನಾಲ್ಕು ಪಾಲು. ಹತ್ತು ಶೇಕಡ ಕ್ಯೂನಲ್ಲಿ, ಬಿಟಿ 99. 1861, 1862 ಮತ್ತು 5ರಲ್ಲಿ ಮುಗಿಯುವ ವರ್ಷಗಳ ಉಳಿದ ಕಾಗದ, ಅಂದರೆ 1865, 1875 ಹೀಗೆ 1935ರ ತನಕ, ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನಲ್ಲಿ. 1913ರ ವರೆಗಿನ ಸ್ವಲ್ಪ ಭಾಗ ಬ್ರಿಟನ್ನಿನ ಜಿಲ್ಲಾ ದಾಖಲೆ ಕಚೇರಿಗಳಲ್ಲಿ. ಮಿಕ್ಕಿದ್ದು, ಸುಮಾರು 70 ಶೇಕಡ, ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ಊರಿನಲ್ಲಿ, ಮ್ಯಾರಿಟೈಮ್ ಹಿಸ್ಟರಿ ಆರ್ಕೈವ್ ಅನ್ನುವಲ್ಲಿ. ನಿಮ್ಮ ಕಾಗದ ಇರುವ ಸಾಧ್ಯತೆ ಜಾಸ್ತಿ ಇರುವುದು ಇಲ್ಲಿಯೇ.

ಎರಡನೇ ಮಹಾಯುದ್ಧದ ವರ್ಷಗಳದ್ದು ಕ್ಯೂನಲ್ಲಿ, ಬಿಟಿ 381. 1951ರಿಂದ 1976ರದ್ದರಲ್ಲಿ ಹೆಚ್ಚಿನದು ಮತ್ತೆ ಕೆನಡಾದಲ್ಲಿ.

ಹೆಸರಿನಿಂದಲೇ ಹುಡುಕಬಹುದಾದ ಒಂದು ಒಳ್ಳೆಯ ವರ್ಷ ಮಾತ್ರ ಇದೆ: 1915. ಆ ವರ್ಷದ ಸುಮಾರು 39,000 ಪಟ್ಟಿಗಳನ್ನು ಸ್ವಯಂಸೇವಕರು ಒಂದೊಂದೇ ಹೆಸರು ಓದಿ ಬರೆದಿದ್ದಾರೆ, ಇಂಟರ್‌ನೆಟ್ಟಿನಲ್ಲಿ ಉಚಿತ. ಅಜ್ಜ ಅಥವಾ ಮುತ್ತಜ್ಜ ಆಗ ಹಡಗಿನಲ್ಲಿದ್ದ ಲೆಕ್ಕ ಬಂದರೆ ಬೇರೇನೂ ಮಾಡುವ ಮೊದಲು ಇದನ್ನು ನೋಡಿ.

ಇನ್ನು ‘ನಾವಿಕರ ರಿಜಿಸ್ಟರ್’ ಅಂತ ಹೆಸರಿನ ಪ್ರಕಾರ ಜೋಡಿಸಿದ ಕಾರ್ಡುಗಳೂ ಇವೆ. ಆದರೆ 1857ರಿಂದ 1913ರ ತನಕ ಅಂಥ ರಿಜಿಸ್ಟರ್ ಇಡಲೇ ಇಲ್ಲ, 1913ರಿಂದ 1918ರ ಕಾರ್ಡುಗಳು ನಾಶವಾಗಿವೆ. ಭಾರತದ ಬಂದರಿನಲ್ಲಿ ಹತ್ತಿದ ನಮ್ಮವರು ಉಳಿದ ಕಾರ್ಡುಗಳಲ್ಲೂ ಅಪರೂಪ. ಅಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಅಜ್ಜ ಸುಳ್ಳು ಹೇಳಿದರು ಅಂದುಕೊಳ್ಳಬೇಡಿ.

4. ಕಾಗದ ತರಿಸುವುದು

ಕೆನಡಾದವರ ತಾಣದಲ್ಲಿ ಹಡಗಿನ ನಂಬರ್ ಹಾಕಿದರೆ ಯಾವ ಯಾವ ವರ್ಷದ ಕಾಗದ ತಮ್ಮಲ್ಲಿದೆ ಅಂತ ತೋರಿಸುತ್ತದೆ. ಆಮೇಲೆ ಅವರಿಗೆ ಬರೆದು, ಶುಲ್ಕ ಕಟ್ಟಿ ಪ್ರತಿ ತರಿಸಿಕೊಳ್ಳಬಹುದು. ಕ್ಯೂನಲ್ಲಿ ಹೆಚ್ಚಿನದು ಇನ್ನೂ ಡಬ್ಬಿಯಲ್ಲೇ ಇದೆ. ಅಲ್ಲಿ ಯಾರಾದರೂ ನೆಂಟರಿದ್ದರೆ ಒಂದು ದಿನ ಹೋಗಿ ನೋಡಿ ಬರಲು ಹೇಳುವುದು ಅಗ್ಗ.

ಬರೆಯುವಾಗ ಎರಡು ವಿಷಯ ಮರೆಯಬೇಡಿ, ಇವೆರಡರಲ್ಲೇ ಜಾಸ್ತಿ ದುಡ್ಡು ಹಾಳಾಗುವುದು. ಒಂದು, ಕಾಗದವನ್ನು ಫೈಲ್ ಮಾಡಿದ್ದು ಒಪ್ಪಂದ ಮುಗಿದ ವರ್ಷದ ಅಡಿಯಲ್ಲಿ. ಅಜ್ಜ 1926ರ ಅಕ್ಟೋಬರಿನಲ್ಲಿ ಹತ್ತಿದ್ದರೆ ಕಾಗದ 1927ರಲ್ಲಿ ಇರಬಹುದು. ಮುಂದಿನ ವರ್ಷವನ್ನೂ ಕೇಳಿ. ಎರಡು, ಒಂದೇ ಹಡಗಿಗೆ ಎರಡು ಒಪ್ಪಂದ ಇರುತ್ತಿತ್ತು: ಬಿಳಿಯರದ್ದು ಒಂದು, ಭಾರತೀಯರದ್ದು ಇನ್ನೊಂದು. ಭಾರತೀಯ ಖಲಾಸಿಗಳನ್ನು ಆಗ ‘ಲಸ್ಕರ್’ ಅನ್ನುತ್ತಿದ್ದರು, ಅವರ ಒಪ್ಪಂದಕ್ಕೆ ‘ಲಸ್ಕರ್ ಅಗ್ರಿಮೆಂಟ್’ ಅಥವಾ ‘ಏಷ್ಯಾಟಿಕ್ ಆರ್ಟಿಕಲ್ಸ್’. ಸುಮ್ನೆ ಕ್ರೂ ಲಿಸ್ಟ್ ಕಳಿಸಿ ಅಂದರೆ ಕ್ಯಾಪ್ಟನ್, ಮೇಟ್, ಎಂಜಿನಿಯರುಗಳ ಹಾಳೆ ಮಾತ್ರ ಬರಬಹುದು. ಲಸ್ಕರ್ ಒಪ್ಪಂದ ಬೇಕು ಅಂತ ಬಿಡಿಸಿ ಬರೆಯಿರಿ.

5. ಹಾಳೆ ಓದುವುದು

ಸ್ಕ್ಯಾನ್ ಬಂತು ಅಂದುಕೊಳ್ಳಿ. ಟೇಬಲ್ಲಿನಷ್ಟು ಅಗಲದ ಹಾಳೆ, ಇಂಗ್ಲಿಷ್ ಗುಮಾಸ್ತನ ಬರವಣಿಗೆ. ಆತುರ ಬೇಡ.

ಮೊದಲು ಮೇಲ್ಗಡೆ ಹಡಗಿನ ನಂಬರ್ ಸರಿಯಾಗಿದೆಯೇ ನೋಡಿ. ಪಕ್ಕದಲ್ಲೇ ಪ್ರಯಾಣದ ವಿವರ ಇರುತ್ತದೆ, ಉತ್ತರಕ್ಕೆ 75 ಡಿಗ್ರಿ, ದಕ್ಷಿಣಕ್ಕೆ 60 ಡಿಗ್ರಿ ಒಳಗಿನ ಯಾವುದೇ ಬಂದರು ಅಂತೆಲ್ಲ. ಇದನ್ನು ಓದಿ “ಅಜ್ಜ ಅಂಟಾರ್ಕ್ಟಿಕಾ ಹತ್ತಿರ ಹೋಗಿದ್ದರು” ಅಂತ ಊರೆಲ್ಲ ಹೇಳಿಕೊಂಡು ಬಂದವರಿದ್ದಾರೆ. ಅದು ಒಪ್ಪಂದದ ಗಡಿ, ಹೋದ ದಾರಿಯಲ್ಲ. ನಿಜವಾಗಿ ಎಲ್ಲಿ ಹೋದರು ಅನ್ನುವುದು ಹಾಳೆಯ ಹಿಂಬದಿಯಲ್ಲಿದೆ. ಹೊರದೇಶದ ಬಂದರಿನಲ್ಲಿ ಬ್ರಿಟಿಷ್ ಕಾನ್ಸುಲ್ ತಾರೀಖು ಹಾಕಿ ಠಸ್ಸೆ ಒತ್ತುತ್ತಿದ್ದ. ಆ ಠಸ್ಸೆಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಪ್ರಯಾಣದ ನಕ್ಷೆ ತಾನಾಗೇ ಮೂಡುತ್ತದೆ.

ಆಮೇಲೆ ಹೆಸರು. ಲಸ್ಕರ್ ಪಟ್ಟಿಯಲ್ಲಿ ಹೆಸರಿನ ಕ್ರಮ ಇಂಗ್ಲಿಷ್ ಅಕ್ಷರಮಾಲೆಯದ್ದಲ್ಲ, ತಂಡದ್ದು. ಮೊದಲು ಸೆರಾಂಗ್, ಅಂದರೆ ತಂಡದ ಮುಖ್ಯಸ್ಥ. ಅವನ ಕೆಳಗೆ ತಂಡೇಲ. ಕಸಬ್ ಸಾಮಾನು ನೋಡಿಕೊಳ್ಳುವವನು, ಸುಖಾನಿ ಚುಕ್ಕಾಣಿ ಹಿಡಿಯುವವನು, ಟೋಪಾಸ್ ಗುಡಿಸಿ ತೊಳೆಯುವವನು, ಆಗ್‌ವಾಲಾ ಬಾಯ್ಲರಿಗೆ ಕಲ್ಲಿದ್ದಲು ಹಾಕುವವನು. ಅಡುಗೆಯವನು ಭಂಡಾರಿ. ಇಲ್ಲಿ ತುಳುನಾಡಿನವರು ಹುಷಾರು! ಭಂಡಾರಿ ಅಂತ ಕಂಡ ತಕ್ಷಣ ನಮ್ಮ ಕುಟುಂಬದ ಹೆಸರು ಅಂತ ಕುಣಿಯಬೇಡಿ, ಅದು ಯಾವ ಅಂಕಣದಲ್ಲಿದೆ ನೋಡಿ. ಹುದ್ದೆಯ ಅಂಕಣದಲ್ಲಿದ್ದರೆ ಅವರು ಅನ್ನ ಬೇಯಿಸುವವರು, ಅಷ್ಟೇ.

ಕಾಗುಣಿತ ಕಿವಿಗೆ ಕೇಳಿದಂತೆ. ಡಿಸೋಜ ಅನ್ನುವುದು ಡೆಸೂಜಾ, ಸೋಸಾ, ಸೂಜಾ ಏನು ಬೇಕಾದರೂ ಆಗಿರಬಹುದು. ಹೆಸರನ್ನು ಗಟ್ಟಿಯಾಗಿ ಹೇಳಿ, ಕನ್ನಡ ಬಾರದ ಒಬ್ಬ ಇಂಗ್ಲಿಷಿನವ ಅದನ್ನು ಹೇಗೆ ಬರೆಯಬಹುದು ಅಂತ ಹತ್ತು ಥರ ಬರೆದಿಟ್ಟುಕೊಳ್ಳಿ. ಊರಿನ ಹೆಸರೂ ಹಾಗೇ. ಹೊನ್ನಾವರ ಹಳೆಯ ಇಂಗ್ಲಿಷ್ ಬರಹದಲ್ಲಿ ‘ಓನೋರ್’ ಆಗಿದೆ. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಉಳಿಯಿತು, ಹಾಗಾಗಿ ಕಾರವಾರದವರಿಗೆ ಬರೀ ‘ಬಾಂಬೆ’ ಅಂತ, ಮಂಗಳೂರಿನವರಿಗೆ ಬರೀ ‘ಮದ್ರಾಸ್’ ಅಂತ ಬರೆದು ಮುಗಿಸಿದ್ದರೂ ಆಶ್ಚರ್ಯ ಪಡಬೇಡಿ. ವಯಸ್ಸನ್ನಂತೂ ನಂಬಲೇಬೇಡಿ.

ಈಗ ಸಂಬಳ. ಬಿಳಿಯರ ಹಾಳೆಯಲ್ಲಿ ಪೌಂಡ್, ಶಿಲ್ಲಿಂಗ್, ಪೆನ್ಸ್: 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಲಸ್ಕರ್ ಹಾಳೆಯಲ್ಲಿ ರೂಪಾಯಿ, ಆಣೆ, ಪೈ: 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ತಿಂಗಳ ಸಂಬಳದ ಪಕ್ಕದಲ್ಲಿ ‘ಅಡ್ವಾನ್ಸ್’ ಇರುತ್ತದೆ, ಹತ್ತುವ ಮೊದಲೇ ಕೊಟ್ಟದ್ದು. ‘ಅಲಾಟ್‌ಮೆಂಟ್’ ಅಂದರೆ ಸಂಬಳದಿಂದ ಹಿಡಿದು ತಿಂಗಳು ತಿಂಗಳು ಮನೆಗೆ ಕೊಡುತ್ತಿದ್ದ ಭಾಗ. ಕೊನೆಯಲ್ಲಿ ಇಳಿಯುವಾಗ ಕೈಗೆ ಸಿಕ್ಕ ಬಾಕಿ.

ಲೆಕ್ಕ ಅರ್ಥವಾಗಲಿ ಅಂತ ಊಹೆಯ ಅಂಕಿ ಕೊಡುತ್ತೇನೆ. ತಿಂಗಳಿಗೆ 22 ರೂಪಾಯಿಯಂತೆ 9 ತಿಂಗಳು ದುಡಿದರೆ 198. ಅಡ್ವಾನ್ಸ್ 22, ಮನೆಗೆ ತಿಂಗಳಿಗೆ 10ರಂತೆ 8 ತಿಂಗಳು 80, ಹಡಗಿನ ಅಂಗಡಿಯಲ್ಲಿ ತಂಬಾಕು, ಅಂಗಿಗೆ 6. ಕೈಗೆ ಬಂದದ್ದು 90. ಪಟ್ಟಿಯಲ್ಲಿ ಆ 90 ಮಾತ್ರ ನೋಡಿ ಒಂಬತ್ತು ತಿಂಗಳಿಗೆ ಇಷ್ಟೇನಾ ಅಂತ ತಪ್ಪು ತಿಳಿಯಬೇಡಿ. ಹಾಗಂತ ಸಂಬಳ ಚೆನ್ನಾಗಿತ್ತು ಅಂತಲೂ ಅಲ್ಲ. ಅದೇ ಕೆಲಸಕ್ಕೆ ಬಿಳಿಯರಿಗೆ ಕೊಡುತ್ತಿದ್ದದ್ದರ ಮೂರರಲ್ಲೊಂದರಿಂದ ಐದರಲ್ಲೊಂದು ಪಾಲು ನಮ್ಮವರಿಗೆ. ಎರಡೂ ಹಾಳೆ ತರಿಸಿಕೊಂಡಿದ್ದರೆ ಅಕ್ಕಪಕ್ಕ ಇಟ್ಟು ನೋಡಿ. 1939ರಲ್ಲಿ ಯುದ್ಧ ಶುರುವಾದಾಗ ಲಸ್ಕರರು ಹಡಗು ಹತ್ತುವುದಿಲ್ಲ ಅಂತ ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ. ನಿಮ್ಮ ಅಜ್ಜ ಆಗ ಇದ್ದರೆ ಆ ವರ್ಷದ ಮುಂಚಿನ, ಆಮೇಲಿನ ಸಂಬಳ ಎರಡನ್ನೂ ಹುಡುಕಿ.

ನಡತೆಯ ಬಗ್ಗೆ ‘ವಿಜಿ’ ಅಂತ ಇದ್ದರೆ ವೆರಿ ಗುಡ್. ‘ಡಿಆರ್’ ಅಂತ ಇದ್ದರೆ ಡಿಕ್ಲೈನ್ ಟು ರಿಪೋರ್ಟ್, ಅಂದರೆ ಹೇಳಲು ಇಷ್ಟವಿಲ್ಲ, ಅಂದರೆ ಕ್ಯಾಪ್ಟನ್ನಿಗೂ ಅವರಿಗೂ ಸರಿ ಬರಲಿಲ್ಲ. ಮನೆಯಲ್ಲಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

6. ಒಂದು ಹಡಗಿನಿಂದ ಹಿಂದಿನ ಹಡಗಿಗೆ

ಹಾಳೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಅಂಕಣ ‘ಹಿಂದೆ ದುಡಿದ ಹಡಗು’. ಅಲ್ಲಿರುವ ಹೆಸರು ಹಿಡಿದು ಎರಡನೇ ಹಂತಕ್ಕೆ ಹಿಂದಿರುಗಿ, ಅದರ ನಂಬರ್ ತೆಗೆಯಿರಿ, ಅದರ ಪಟ್ಟಿ ತರಿಸಿ, ಅದರಲ್ಲಿ ಮತ್ತೆ ಹಿಂದಿನ ಹಡಗು. ಹೀಗೆ ಮೆಟ್ಟಿಲಿಳಿದಂತೆ ಹಿಂದಕ್ಕೆ ಹೋಗಬಹುದು. ‘ಸೇಮ್ ಶಿಪ್’ ಅಂತ ಬರೆದಿದ್ದರೆ ಅದೇ ಹಡಗಿನ ಹಿಂದಿನ ಒಪ್ಪಂದ ತೆಗೆಯಿರಿ. ಅಂಕಣ ಖಾಲಿ ಇದ್ದರೆ ಸೆರಾಂಗನ ಹೆಸರು ಹಿಡಿದು ಹೋಗಿ. ತನ್ನ ಊರಿನವರನ್ನೇ ತಂಡ ಕಟ್ಟಿಕೊಂಡು ಹಡಗಿನಿಂದ ಹಡಗಿಗೆ ಹೋಗುವ ಸೆರಾಂಗರು ಇದ್ದರು. ಪಟ್ಟಿಯಲ್ಲಿ ಅಜ್ಜನ ಮೇಲೆ ಕೆಳಗೆ ಇರುವ ಹತ್ತು ಹೆಸರನ್ನೂ ಬರೆದಿಟ್ಟುಕೊಳ್ಳಿ, ಮುಂದಿನ ಹಾಳೆಯಲ್ಲಿ ಅಜ್ಜನ ಕಾಗುಣಿತ ಬದಲಾಗಿದ್ದರೂ ಆ ಹೆಸರುಗಳಿಂದ ಗುರುತು ಸಿಗುತ್ತದೆ.

7. ಪ್ರಯಾಣದಲ್ಲಿ ಏನಾಯಿತು

ಒಪ್ಪಂದದ ಜೊತೆ ಕೆಲವೊಮ್ಮೆ ‘ಅಫೀಶಿಯಲ್ ಲಾಗ್’ ಇರುತ್ತದೆ. ಗಾಳಿ, ಅಲೆ, ದಿಕ್ಕು ಬರೆಯುವ ಪುಸ್ತಕ ಅಲ್ಲ ಇದು. ಯಾರಿಗೆ ಕಾಯಿಲೆ, ಯಾರಿಗೆ ದಂಡ, ಯಾರು ಸತ್ತರು ಅನ್ನುವುದನ್ನು ಬರೆಯುವ ಪುಸ್ತಕ. 1902ರಿಂದ 1919ರ ಲಾಗುಗಳು ಕ್ಯೂನಲ್ಲಿ ಬಿಟಿ 165ರಲ್ಲಿ ಬೇರೆಯಾಗಿ ಇವೆ. ಎರಡನೇ ಯುದ್ಧದಲ್ಲಿ ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತು ಅಂತ ತಿಳಿಯಲು ಬಿಟಿ 389ರ ಕಾರ್ಡುಗಳನ್ನು ಡೌನ್‌ಲೋಡ್ ಮಾಡಬಹುದು. ಅದಕ್ಕೂ ಹಿಂದಿನ ಓಡಾಟಕ್ಕೆ, ಯಾವ ಹಡಗು ಎಲ್ಲಿಗೆ ಬಂತು, ಹೋಯಿತು ಅಂತ ಬರೆಯುತ್ತಿದ್ದ ‘ಲಾಯ್ಡ್ಸ್ ಲಿಸ್ಟ್’ ಪತ್ರಿಕೆ ನೋಡಿ.

8. ಹಿಂದಿರುಗದವರು

ಯುದ್ಧದಲ್ಲಿ ಹೋದವರನ್ನು ಹುಡುಕುವುದು ಸುಲಭ, ಇಲ್ಲಿ ಹೆಸರಿನಿಂದಲೇ ಆಗುತ್ತದೆ. ಉದಾಹರಣೆಗೆ ತಿಲಾವಾ. 1942ರ ನವೆಂಬರ್ 20ರಂದು ಮುಂಬೈ ಬಿಟ್ಟು ಆಫ್ರಿಕಾ ಕಡೆ ಹೊರಟ ಹಡಗು, 23ರಂದು ಜಪಾನಿ ಸಬ್‌ಮರೀನಿನ ಟಾರ್ಪೆಡೊ ತಗುಲಿ ಮುಳುಗಿತು, 280 ಜನ ಸತ್ತರು. ಹೀಗೆ ಯುದ್ಧದಲ್ಲಿ ಹೋದ ನಾವಿಕರ ಹೆಸರನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣದಲ್ಲಿ ಉಚಿತವಾಗಿ ಹುಡುಕಬಹುದು. ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಹುಡುಕಿ ಸಿಗಲಿಲ್ಲ ಅಂತ ಬಿಡಬೇಡಿ, ನಮ್ಮವರ ಹೆಸರು ಇರುವುದು ಮುಂಬೈ ಮತ್ತು ಚಿತ್ತಗಾಂಗ್ ಸ್ಮಾರಕಗಳ ಅಡಿಯಲ್ಲಿ. ಮುಂಬೈಯಲ್ಲಿ ಅದು ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿದೆ. ಮೊದಲನೇ ಯುದ್ಧದ 2,000ಕ್ಕೂ ಹೆಚ್ಚು ಹೆಸರುಗಳು, ಎರಡನೇ ಯುದ್ಧದ ಪುಸ್ತಕದಲ್ಲಿ 6,000ಕ್ಕೂ ಹೆಚ್ಚು. ಹುಡುಕುವಾಗ ಪೂರ್ತಿ ಹೆಸರು ಹಾಕದೆ ಮೊದಲ ನಾಲ್ಕು ಅಕ್ಷರ, ಸತ್ತ ವರ್ಷ ಇಷ್ಟೇ ಹಾಕಿ, ಹಡಗಿನ ಹೆಸರು ನೋಡಿ ಸೋಸಿ.

ಕಾಯಿಲೆಯಿಂದಲೋ ಅಪಘಾತದಿಂದಲೋ ಸಮುದ್ರದಲ್ಲಿ ಸತ್ತವರಿಗೆ ಬಿಟಿ 334, ಅದು 1891ರಿಂದ ಶುರುವಾಗುತ್ತದೆ. 19ನೇ ಶತಮಾನದಲ್ಲಿ ಸತ್ತ ನಾವಿಕನ ಬಾಕಿ ಸಂಬಳ ಮತ್ತು ಬಟ್ಟೆಬರೆಯ ಲೆಕ್ಕ ಬರೆದ ರಿಜಿಸ್ಟರ್ ಬಿಟಿ 153.

9. ಭಾರತದಲ್ಲೇ ಇರುವುದು

ಸ್ವಾತಂತ್ರ್ಯ ಬಂದ ಮೇಲೆ ಭಾರತದ ಕಂಪನಿಗಳಲ್ಲಿ ದುಡಿದವರನ್ನು ಲಂಡನ್ನಿನಲ್ಲಿ ಹುಡುಕಬೇಡಿ. ಅವರ ಕಾಗದ ಹುಟ್ಟುತ್ತಿದ್ದದ್ದು ಮುಂಬೈ, ಕಲ್ಕತ್ತಾದ ಶಿಪ್ಪಿಂಗ್ ಮಾಸ್ಟರ್, ಅಂದರೆ ನಾವಿಕರ ಒಪ್ಪಂದ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ ಕಚೇರಿಯಲ್ಲಿ. ಸಿಡಿಸಿ ನಂಬರ್ ಕೈಯಲ್ಲಿ ಇಲ್ಲದೆ ಆ ಬಾಗಿಲು ತಟ್ಟಿದರೆ ಪ್ರಯೋಜನ ಕಡಿಮೆ. 1966ರ ಕಾನೂನಿನ ನಂತರ ಕೆಲಸದಲ್ಲಿದ್ದರೆ ನಾವಿಕರ ಪ್ರಾವಿಡೆಂಟ್ ಫಂಡ್ ಇರುತ್ತಿತ್ತು, ಅದರ ಕಚೇರಿಯೂ ಮುಂಬೈಯಲ್ಲೇ. ಹೋಗುವಾಗ ಸಂಬಂಧ ತೋರಿಸುವ ಕಾಗದ ಮತ್ತು ಮರಣ ಪತ್ರ ಒಯ್ಯಿರಿ.

ಮನೆಯಲ್ಲೇ ಕುಳಿತು ಮಾಡಬಹುದಾದದ್ದು ‘ಅಭಿಲೇಖ ಪಟಲ’, ಭಾರತದ ರಾಷ್ಟ್ರೀಯ ಪತ್ರಾಗಾರದ ತಾಣ. ಅಲ್ಲಿ ಅಜ್ಜನ ಹೆಸರು ಬಿಡಿ, ಹಡಗಿನ ಹೆಸರು ಹಾಕಿ ಹುಡುಕಿ, ‘ಲಸ್ಕರ್’, ‘ಇಂಡಿಯನ್ ಸೀಮನ್’ ಅಂತಲೂ ಹಾಕಿ, ಎಲ್ಲ ಇಂಗ್ಲಿಷ್ ಕಾಗುಣಿತದಲ್ಲೇ. ಸಿಕ್ಕಿದ ಪ್ರತಿ ಫೈಲಿನ ನಂಬರನ್ನು ಅಲ್ಲಿಂದಲ್ಲಿಗೇ ಬರೆದಿಟ್ಟುಕೊಳ್ಳಿ. ಮರುದಿನ ಅದೇ ಪದ ಹಾಕಿದರೆ ಅದೇ ಫೈಲು ಮತ್ತೆ ಮೊದಲ ಪುಟದಲ್ಲಿ ಬರುತ್ತದೆ ಅಂತ ನಂಬಿ ಕೂರಬೇಡಿ.